ಮಂಚದಡಿಯ ಹೊಗೆಸೊಪ್ಪು

ನಾಯಿ ಕೊಡುವವರ ಫಾರ್ಮಿನಲ್ಲಿ ಎರಡು ಪುಟ ಪ್ರಶ್ನೆಗಳಿದ್ದವು. ಮೊಮ್ಮಗಳು ಓದಿದಳು, ನಾನು ಹೇಳಿದೆ, ಅವಳು ಬರೆದಳು. ಮನೆ ಸ್ವಂತದ್ದಾ, ಗೇಟು ಉಂಟಾ, ಹಗಲು ಮನೆಯಲ್ಲಿ ಯಾರಿರುತ್ತಾರೆ, ಹಿಂದೆ ನಾಯಿ ಸಾಕಿದ್ದೀರಾ. ಎರಡನೆಯ ಪುಟದ ನಡುವೆ ಒಂದು ಬಂತು: ಮನೆಯೊಳಗೆ ಇಲಿ ಪಾಷಾಣ, ಕೀಟನಾಶಕ, ಹೊಗೆಸೊಪ್ಪು ಅಥವಾ ಬೇರೆ ವಿಷದ ವಸ್ತು ಇಡುತ್ತೀರಾ?

ಮೊಮ್ಮಗಳು ಪೆನ್ನು ಎತ್ತಿ ನನ್ನ ಮುಖ ನೋಡಿದಳು. ನನ್ನ ಮಡಿಲಲ್ಲಿ ಬಿದಿರಿನ ಗೆರಸೆ ಇತ್ತು, ಗೆರಸೆಯಲ್ಲಿ ಹೊಗೆಸೊಪ್ಪಿನ ಪುಡಿ ಇತ್ತು. ನಾನು ಬೀಡಿ ಕಟ್ಟುವವಳು.

“ಇಲ್ಲ ಅಂತ ಬರಿ,” ಎಂದೆ.

“ಉಂಟಲ್ಲ ಅಜ್ಜಿ?”

“ಉಂಟು ಅಂತ ಬರೆದ್ರೆ ನಾಯಿ ಕೊಡುದಿಲ್ಲ. ನಿನಗೆ ನಾಯಿ ಬೇಕಾ, ಬೇಡ್ವಾ?”

ಅವಳು ಇಲ್ಲ ಎಂದು ಬರೆದಳು. ಕೆಳಗೆ ನಾನು ಸಹಿ ಹಾಕಿದೆ. ಸಹಿ ಹಾಕುವಷ್ಟು ನನಗೆ ಬರುತ್ತದೆ.

ನಾಯಿ ಬೇಕೆಂದು ನನಗೆ ಆಸೆ ಇರಲಿಲ್ಲ. ಶಾಲೆಗೆ ಹೋಗುವ ದಾರಿಯಲ್ಲಿ ಬೀದಿನಾಯಿಯೊಂದು ಮೊಮ್ಮಗಳ ಮೀನಖಂಡಕ್ಕೆ ಬಾಯಿ ಹಾಕಿತ್ತು. ಇಂಜೆಕ್ಷನ್ ಎಲ್ಲ ಆಯಿತು, ಗಾಯ ಮಾಸಿತು. ಆದರೆ ಹುಡುಗಿ ನಡೆದು ಗೇಟು ದಾಟುವುದನ್ನೇ ಬಿಟ್ಟಳು. ಕೈ ಹಿಡಿದು ಎಳೆದುಕೊಂಡು ಹೋದರೆ ರಸ್ತೆಯ ತಿರುವಿನಲ್ಲಿ ನಿಂತು ಲಂಗದಲ್ಲೇ ಉಚ್ಚೆ ಹೊಯ್ದಳು. ಹತ್ತು ವರ್ಷದ ಹುಡುಗಿ. ನನ್ನ ಮಗಳು ಬಲ್ಮಠದ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ, ಅಳಿಯ ಗಲ್ಫಿನಲ್ಲಿ. ದಿನಾ ಬೆಳಿಗ್ಗೆ ಮಗಳು ಅವಳನ್ನು ರಿಕ್ಷಾದಲ್ಲಿ ಕೂರಿಸಿ, ಎರಡೂ ಬದಿಯ ಪರದೆ ಇಳಿಸಿ ಕರೆದೊಯ್ಯಬೇಕಿತ್ತು. ಹೀಗೆ ಎಷ್ಟು ದಿನ? ಶಾಲೆಯಲ್ಲಿ ಮಕ್ಕಳ ಮನಸ್ಸಿನ ವಿಷಯ ನೋಡುವ ಟೀಚರು ಹೇಳಿದರು, ಸಣ್ಣ ಜಾತಿಯ, ಸಾಧು ನಾಯಿಯೊಂದು ಮನೆಯಲ್ಲೇ ಇದ್ದರೆ ಭಯ ಹೋಗಬಹುದು ಎಂದು. ಹೋಗಬಹುದು ಎಂದಷ್ಟೇ.

ಬೇಡದ ನಾಯಿಗಳನ್ನು ಸಾಕಿ, ಮನೆ ಹುಡುಕಿಕೊಡುವ ಒಂದು ಸಂಸ್ಥೆ ಊರಿನಲ್ಲಿತ್ತು. ಅಲ್ಲಿ ಒಂದು ಸ್ಪೇನಿಯಲ್ ಇತ್ತು. ಫ್ಲಾಟಿನವರು ಮನೆ ಖಾಲಿ ಮಾಡುವಾಗ ಬಿಟ್ಟುಹೋದ ಹೆಣ್ಣು ನಾಯಿ. ಏಳು ಕಿಲೋ ತೂಕ, ಕಂದು ಬಿಳಿ ಬಣ್ಣ, ಕೆಸುವಿನ ಎಲೆಯ ಹಾಗೆ ಜೋತ ಕಿವಿ. ಹೆಸರು ರೋಸಿ. ಮೊಮ್ಮಗಳು ಎರಡು ಸಲ ಹೋದಾಗಲೂ ಬಲೆಯ ಹೊರಗೆ, ನನ್ನ ಬೆನ್ನ ಹಿಂದೆ ನಿಂತಳು. ಮೂರನೆಯ ಸಲ ಆ ನಾಯಿ ಬಲೆಗೆ ಬೆನ್ನು ಹಚ್ಚಿ ಮಲಗಿತು. ಹುಡುಗಿ ತೂತಿನಿಂದ ಒಂದು ಬೆರಳು ಹಾಕಿ ಅದರ ಕಿವಿ ಮುಟ್ಟಿದಳು. ಮುಟ್ಟಿದ ಬೆರಳನ್ನು ಮನೆಗೆ ಬರುವವರೆಗೂ ಮಡಚಲಿಲ್ಲ. ಆಗ ನಾನು ತೀರ್ಮಾನ ಮಾಡಿದೆ, ಈ ನಾಯಿ ನಮ್ಮ ಮನೆಗೆ ಬರಬೇಕು.

ಸಂಸ್ಥೆಯ ಹೆಂಗಸು ಮೊದಲು ಮನೆ ನೋಡಲು ಬಂದರು. ಅದರ ಹಿಂದಿನ ದಿನವೇ ಹೊಗೆಸೊಪ್ಪಿನ ಚೀಲ, ಬೀಡಿ ಎಲೆಯ ಕಟ್ಟು, ಗೆರಸೆ, ಕತ್ತರಿ ಎಲ್ಲವನ್ನೂ ಪಕ್ಕದ ಮನೆಗೆ ಸಾಗಿಸಿದ್ದೆ. ಪಕ್ಕದ ಮನೆಯಾಕೆ ಬ್ಯಾರಿ ಮುಸ್ಲಿಂ, ಅವಳೂ ಬೀಡಿ ಕಟ್ಟುವವಳು. ಬೀಡಿ ಕಂಪೆನಿಯ ಒಂದೇ ಬ್ರಾಂಚಿಗೆ ಕೊಡುವುದು ನಾವು. ಯಾಕೆ ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಸಂಸ್ಥೆಯ ಹೆಂಗಸು ಬಾವಿಯ ಕಟ್ಟೆ ನೋಡಿದರು, ಗೇಟಿನ ಸಂದಿ ನೋಡಿದರು, ತೃಪ್ತಿಪಟ್ಟರು. ರೋಸಿ ಬಂತು. ಎರಡು ತಿಂಗಳು ಪರೀಕ್ಷೆ. ಯಾವಾಗ ಬೇಕಾದರೂ ನೋಡಲು ಬರಬಹುದು ಎಂಬುದು ಅವರ ಕರಾರು.

ಆ ಕರಾರಿನಿಂದ ನನ್ನ ಕೆಲಸವೇ ಕೆಟ್ಟಿತು. ಬೀಡಿ ಕೆಲಸ ಬಚ್ಚಿಟ್ಟು ಮಾಡುವಂಥದ್ದಲ್ಲ. ಎಲೆ ಹಿಂದಿನ ದಿನ ನೆನೆಯಬೇಕು, ಒದ್ದೆ ಗೋಣಿಯಲ್ಲಿ ಸುತ್ತಿರಬೇಕು. ಬೆಳಿಗ್ಗೆ ತಗಡಿನ ಅಳತೆ ಇಟ್ಟು ಕತ್ತರಿಸಬೇಕು. ಆಮೇಲೆ ಗೆರಸೆ ಮಡಿಲಿಗೆ ಬಂದರೆ ಸಂಜೆಯವರೆಗೆ ಇಳಿಯುವುದಿಲ್ಲ. ಪುಡಿ ಹಾಕು, ಸುರುಳಿ ಮಾಡು, ಬಾಯಿ ಮಡಚು, ನೂಲು ಸುತ್ತು. ನಾನು ಮನೆಯ ಮುಂದಿನ ಕೋಣೆ, ಚಾವಡಿಯಲ್ಲಿ ಕೂತು ಕಟ್ಟುವಾಗ ನಡುಬಾಗಿಲಿಗೆ ಹಲಗೆ ಅಡ್ಡ ಇಟ್ಟು ರೋಸಿಯನ್ನು ಅಡುಗೆಕೋಣೆಯ ಕಡೆ ಬಿಡುತ್ತಿದ್ದೆ. ಎದ್ದರೆ ಮೊದಲು ಗುಡಿಸುವುದು, ಆಮೇಲೆ ಸಾಬೂನಿನಲ್ಲಿ ಮೊಣಕೈವರೆಗೆ ತೊಳೆಯುವುದು. ಹೊಗೆಸೊಪ್ಪು ಏನು ಮಾಡುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೊಸತಾಗಿ ಕಟ್ಟಲು ಕೂತ ಹುಡುಗಿಯರು ತಲೆ ತಿರುಗಿ ವಾಂತಿ ಮಾಡುವುದನ್ನು ಎಷ್ಟೋ ನೋಡಿದ್ದೇನೆ. ಎಚ್ಚರಿಕೆಯಲ್ಲಿ ನಾನು ಕಡಿಮೆ ಇರಲಿಲ್ಲ. ಆದರೆ ಗೇಟು ಕಿರ್ ಎಂದರೆ ಸಾಕು, ಮೀನಿನವಳು ಬಂದರೂ ಗೆರಸೆಯ ಮೇಲೆ ಸೆರಗು ಎಳೆಯುತ್ತಿದ್ದೆ.

ಮೊಮ್ಮಗಳು ಮಾತ್ರ ಸುಧಾರಿಸುತ್ತಿದ್ದಳು. ಮೊದಲು ರೋಸಿ ಅಡುಗೆಕೋಣೆಯಲ್ಲಿದ್ದರೆ ಅವಳು ಮಂಚದ ಮೇಲೆ. ಒಂದು ವಾರ ಕಳೆಯುವಾಗ ಅದರ ಪಕ್ಕ ಕೂತು ಮನೆಪಾಠ ಬರೆದಳು. ಮೂರನೆಯ ವಾರ ಬೆಲ್ಟು ಹಿಡಿದು ಗೇಟಿನವರೆಗೆ ಹೋಗಿ ಬಂದಳು. ಗೇಟು ತೆಗೆಯಲಿಲ್ಲ.

ಅದಾಗಿ ಎರಡು ದಿನಕ್ಕೆ ಆ ಶನಿವಾರ. ಹುಡುಗಿಗೆ ಅರ್ಧ ದಿನ ಶಾಲೆ, ಮನೆಗೆ ಬಂದಿದ್ದಳು. ನಾನು ಬೀಡಿ ಕಟ್ಟುತ್ತಿದ್ದೆ. ಬಂದರಿನಿಂದ ತಂದ ಒಣ ಸಿಗಡಿ ಇನ್ನೊಂದು ಗೆರಸೆಯಲ್ಲಿ ಜಗಲಿಯ ಬಿಸಿಲಿಗಿತ್ತು. ಫೋನು ಬಂತು. ಸಂಸ್ಥೆಯ ಹೆಂಗಸು: “ಅಮ್ಮ, ಕದ್ರಿ ಪಾರ್ಕಿನ ಹತ್ರ ಬಂದಿದ್ದೇನೆ. ಐದು ನಿಮಿಷ, ಹಾಗೇ ರೋಸಿಯನ್ನು ನೋಡಿ ಹೋಗ್ತೇನೆ.”

ಪಕ್ಕದ ಮನೆಗೆ ಓಡಿದೆ. ಬೀಗ. ಮದುವೆಗೆ ಹೋಗಿದ್ದಳು. ವಾಪಸು ಬಂದು ಹೊಗೆಸೊಪ್ಪಿನ ಗೆರಸೆಯನ್ನು ಚಾವಡಿಯ ಮಂಚದ ಕೆಳಗೆ ತಳ್ಳಿದೆ. ಮನೆ ನೀಟಾಗಿ ಕಾಣಲಿ ಎಂದು ಸಿಗಡಿಯ ಗೆರಸೆಯನ್ನೂ ಅದರ ಮೇಲೆಯೇ ಇಟ್ಟು ತಳ್ಳಿದೆ. ಅಡ್ಡ ಇಟ್ಟ ಹಲಗೆ ಯಾಕೆ ಎಂದು ಕೇಳಿಯಾರು ಅಂತ ಅದನ್ನೂ ತೆಗೆದೆ. ಚಾದರವನ್ನು ನೆಲದವರೆಗೆ ಇಳಿಬಿಟ್ಟೆ. ಮೊಮ್ಮಗಳು ನೋಡುತ್ತ ನಿಂತಿದ್ದಳು.

“ಬಾಯಿ ಬಿಡ್ಬೇಡ,” ಎಂದೆ.

ಆ ಹೆಂಗಸು ಅದೇ ಮಂಚದ ಮೇಲೆ ಕೂತು ಚಾ ಕುಡಿದರು. ಹುಡುಗಿಯ ಹತ್ತಿರ ನಕ್ಕು ಮಾತಾಡಿದರು. ರೋಸಿ ಎಲ್ಲಿ ಎಂದರೆ ಬಾಲ ಮಾತ್ರ ಚಾದರದ ಹೊರಗೆ ಅಲ್ಲಾಡುತ್ತಿತ್ತು. “ಸೆಕೆಗೆ ತಂಪು ಜಾಗ ಹುಡುಕಿದೆ ಪಾಪ,” ಎಂದರು ಅವರು. ಹೌದೌದು ಎಂದೆ. ಚಾದರ ಎತ್ತಬೇಕಿತ್ತು. ಎತ್ತಲಿಲ್ಲ. ಕಾಲು ಗಂಟೆ ಕೂತು, ಫೋಟೋ ತೆಗೆದು, ಸಂತೋಷದಿಂದ ಹೋದರು.

ಗೇಟು ಹಾಕಿ ಬಂದು ನೋಡಿದರೆ ಮೇಲಿನ ಗೆರಸೆ ವಾಲಿ ಸಿಗಡಿ ಚೆಲ್ಲಿತ್ತು, ಬಹುಪಾಲು ಮಾಯವಾಗಿತ್ತು. ಮಂಚದಡಿಯ ಕತ್ತಲಲ್ಲಿ ನನಗೆ ಸರಿಯಾಗಿ ಕಾಣಲಿಲ್ಲ. ಉಪ್ಪು ಸಿಗಡಿ ತಿಂದಿತು, ಹೊಟ್ಟೆ ಕೆಡುತ್ತದೆ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ರೋಸಿಯ ಬಾಯಿಂದ ಜೊಲ್ಲು ನೂಲಿನ ಹಾಗೆ ಇಳಿಯತೊಡಗಿತು. ಒಂದು ಸಲ ವಾಂತಿ ಮಾಡಿತು. ಮಕ್ಕಳಿಗೆ ಹೊಟ್ಟೆ ಕೆಟ್ಟರೆ ನಮ್ಮಲ್ಲಿ ಸುಣ್ಣದ ತಿಳಿನೀರು ಕೊಡುವ ಕ್ರಮ. ನನ್ನ ಎಲೆಅಡಿಕೆ ಡಬ್ಬಿಯಿಂದ ಒಂದು ಬೆರಳು ಸುಣ್ಣ ತೆಗೆದು ನೀರಿಗೆ ಹಾಕಿ, ತಿಳಿಯಾದ ಮೇಲೆ ನಾಲ್ಕು ಚಮಚ ಬಾಯಿಗೆ ಹೊಯ್ದೆ. ಮೊಮ್ಮಗಳು ತಲೆ ಹಿಡಿದುಕೊಂಡಳು.

ಹತ್ತು ನಿಮಿಷವಾಗಿರಲಿಕ್ಕಿಲ್ಲ, ಹಿಂಗಾಲು ನಡುಗಲು ಶುರುವಾಯಿತು. ಎದ್ದು ನಿಂತರೆ ಕಾಲು ಅಗಲಕ್ಕೆ ಜಾರುತ್ತಿತ್ತು. ಕಣ್ಣು ಬೇರೆಯೇ ಆಗಿತ್ತು. ನಾನು ಟಾರ್ಚು ಹಿಡಿದು ಮಂಚದ ಕೆಳಗೆ ಹೊಕ್ಕು ಎರಡೂ ಗೆರಸೆ ಹೊರಗೆಳೆದೆ. ಕೆಳಗಿನ ಗೆರಸೆಯಲ್ಲಿ ಸಿಗಡಿ ಬಿದ್ದ ಕಡೆಯೆಲ್ಲ ಹೊಗೆಸೊಪ್ಪು ಇರಲಿಲ್ಲ. ನಾಲಗೆ ಎಳೆದ ಗುರುತು, ಒದ್ದೆ ಬಿದಿರು.

ಆಗಲೂ ನನ್ನ ತಲೆಗೆ ಮೊದಲು ಬಂದದ್ದು ನಾಯಿ ಸಾಯುತ್ತದೆ ಎಂದಲ್ಲ, ಸಿಕ್ಕಿಬಿದ್ದೆ ಎಂದು. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ.

ರಿಕ್ಷಾ ಕರೆದು ಬಲ್ಮಠದ ಪ್ರಾಣಿ ಡಾಕ್ಟರ ಕಡೆ ಹೊರಟೆವು. ರೋಸಿ ಮೊಮ್ಮಗಳ ಮಡಿಲಲ್ಲಿ, ಟವೆಲಿನೊಳಗೆ. ಹುಡುಗಿಯ ಕೈ, ಲಂಗ ಎಲ್ಲ ಜೊಲ್ಲು. ನಾನು ಅವಳ ಕಿವಿಯಲ್ಲಿ ಹೇಳಿದೆ: “ಡಾಕ್ಟ್ರು ಕೇಳಿದ್ರೆ ಸಿಗಡಿ ತಿಂದಿತು ಅಂತ ಹೇಳು. ಹೊಗೆಸೊಪ್ಪಿನ ಸುದ್ದಿ ಎತ್ತಬೇಡ. ಅವ್ರು ಸಂಸ್ಥೆಗೆ ಫೋನ್ ಮಾಡ್ತಾರೆ, ನಾಯಿ ತಕೊಂಡು ಹೋಗ್ತಾರೆ.” ಅವಳು ತಲೆಯಾಡಿಸಿದಳು. ಸಿಗಡಿ ಎಂದರೂ ವಾಂತಿ ನಿಲ್ಲಿಸುವ ಮದ್ದು ಕೊಟ್ಟೇ ಕೊಡುತ್ತಾರೆ, ಅದರಲ್ಲಿ ಗುಣ ಆಗುತ್ತದೆ ಎಂಬುದು ನನ್ನ ಲೆಕ್ಕ.

ಡಾಕ್ಟರು ಸಣ್ಣ ಪ್ರಾಯದ ಹೆಂಗಸು. ಜೊತೆಗೆ ನಡುವಯಸ್ಸಿನ ಒಬ್ಬ ಕಂಪೌಂಡರು. ಮೇಜಿನ ಮೇಲೆ ಮಲಗಿಸಿ ಎದೆಗೆ ಕೊಳವೆ ಇಟ್ಟರು, ಕಣ್ಣಿಗೆ ಬೆಳಕು ಬಿಟ್ಟರು.

“ಎಂತ ತಿಂದಿತು ಅಮ್ಮ?”

“ಒಣ ಸಿಗಡಿ.”

“ಬೇರೆ? ಇಲಿ ಪಾಷಾಣ, ಗಿಡಕ್ಕೆ ಹೊಡಿಯುವ ಮದ್ದು, ಎಂತದಾದ್ರೂ?”

“ಅದೆಲ್ಲ ನಮ್ಮಲ್ಲಿಲ್ಲ.”

“ಸಿಗಡಿಗೆ ಇಷ್ಟು ನಡುಕ ಬರುದಿಲ್ಲ,” ಎಂದು ಅವರು ಮೊಮ್ಮಗಳ ಕಡೆ ತಿರುಗಿದರು. “ನೀನು ನೋಡಿದ್ಯಾ ಪುಟ್ಟ? ಬೇರೆ ಎಂತ ತಿಂದಿತು?”

“ಸಿಗಡಿ ಮಾತ್ರ,” ಎಂದಳು ಹುಡುಗಿ. ನೆಲ ನೋಡಿ ಹೇಳಿದಳು.

ಕಂಪೌಂಡರು ಒಂದು ಹೆಜ್ಜೆ ಹಿಂದೆ ಸರಿದು ದಪ್ಪ ಗ್ಲೌಸು ಹಾಕಿಕೊಂಡರು. “ಮೇಡಂ, ಜೊಲ್ಲು ನೋಡಿ. ಇಂಜೆಕ್ಷನ್ ಕಾರ್ಡೂ ತರ್ಲಿಲ್ಲ ಇವ್ರು.”

ಕಾರ್ಡು ಮನೆಯಲ್ಲಿತ್ತು. ಸಂಸ್ಥೆಯವರು ಎಲ್ಲ ಇಂಜೆಕ್ಷನ್ ಹಾಕಿಸಿದ್ದಾರೆ ಎಂದೆ. ಡಾಕ್ಟರು ತಲೆಯಾಡಿಸಿ, ತಾವೂ ಗ್ಲೌಸು ಹಾಕಿದರು.

“ಹುಚ್ಚು ಅಂತ ನಾನು ಹೇಳುದಲ್ಲ. ಆದ್ರೆ ಕಾರಣ ಗೊತ್ತಾಗುವವರೆಗೆ ಮಗು ದೂರ ಇರ್ಲಿ. ಪುಟ್ಟ, ನಿನ್ನ ಕೈಯಲ್ಲಿ ಗಾಯ ಉಂಟಾ? ಜೊಲ್ಲು ತಾಗಿದ್ಯಾ? ಹೋಗಿ ಸಾಬೂನು ಹಾಕಿ ತೊಳಿ, ತುಂಬ ಹೊತ್ತು ತೊಳಿ.”

ಹುಡುಗಿ ತನ್ನ ಕೈ ನೋಡಿಕೊಂಡಳು. ಅಷ್ಟು ಹೊತ್ತು ನಾಯಿಯನ್ನು ತಬ್ಬಿ ಹಿಡಿದವಳು ಎರಡೂ ಕೈಯನ್ನು ದೂರ ಚಾಚಿ ಹಿಂದೆ ಹಿಂದೆ ಹೋದಳು. ಬೆನ್ನು ಗೋಡೆಗೆ ತಾಗಿತು. ನಾಯಿ ಕಚ್ಚಿದ ಕಾಲನ್ನು ಮೇಲೆತ್ತಿ ಇನ್ನೊಂದು ಕಾಲಿನ ಹಿಂದೆ ಅಡಗಿಸಿ, ಒಂಟಿ ಕಾಲಲ್ಲಿ ನಿಂತಳು. ತೊಳೆಯಲಿಕ್ಕೂ ಹೋಗಲಿಲ್ಲ. ಮೇಜಿನ ಮೇಲೆ ರೋಸಿ ತಲೆ ಎತ್ತಿ ಅವಳನ್ನು ಹುಡುಕುತ್ತಿತ್ತು, ಅವಳು ಅದನ್ನು ನೋಡುತ್ತಿರಲಿಲ್ಲ.

ಸತ್ಯ ಗೊತ್ತಿದ್ದದ್ದು ಆ ಕೋಣೆಯಲ್ಲಿ ನಮ್ಮಿಬ್ಬರಿಗೆ ಮಾತ್ರ. ಅವಳಿಗೂ ಗೊತ್ತಿತ್ತು, ಆದರೆ ದೊಡ್ಡವರು ಹುಚ್ಚು ಎನ್ನುವಾಗ ಅವಳು ದೊಡ್ಡವರನ್ನು ನಂಬಿದಳು. ನನ್ನನ್ನು ನಂಬಿ ಸುಳ್ಳು ಹೇಳಿದ ಹಾಗೆಯೇ. ನಾಯಿ ಈಗ ಹೀಗೇ ಸತ್ತರೆ ಹುಚ್ಚು ನಾಯಿ ಮಡಿಲಲ್ಲಿ ಸತ್ತಿತು ಎಂದು ಈ ಹುಡುಗಿ ಜೀವಮಾನ ಇಡೀ ಒಂಟಿ ಕಾಲಲ್ಲಿ ನಿಲ್ಲುತ್ತಾಳೆ. ಡಾಕ್ಟರು ಸಿರಿಂಜಿಗೆ ಏನೋ ಮದ್ದು ಎಳೆಯುತ್ತಿದ್ದರು.

“ಹುಚ್ಚಲ್ಲ,” ಎಂದೆ. ಧ್ವನಿ ಜೋರಾಗಿ ಬಂತು. “ಹೊಗೆಸೊಪ್ಪು. ನಾನು ಬೀಡಿ ಕಟ್ಟುವವಳು. ಗೆರಸೆಯಿಂದ ತಿಂದಿದೆ. ಸುಳ್ಳು ಹೇಳಿದ್ದು ನಾನು. ಮಗು ನಾನು ಹೇಳಿಕೊಟ್ಟದ್ದನ್ನು ಹೇಳಿದ್ದು.”

ಡಾಕ್ಟರ ಕೈ ನಿಂತಿತು. ಸಿರಿಂಜು ಕೆಳಗಿಟ್ಟರು. ಬೈಯಲಿಲ್ಲ. “ಎಷ್ಟು ತಿಂದಿತು? ಅಂದಾಜು ಹೇಳಿ.”

ಅದೊಂದು ನನಗೆ ಚೆನ್ನಾಗಿ ಗೊತ್ತು. ಒಂದು ಬೀಡಿಗೆ ಎಷ್ಟು ಪುಡಿ ಎಂಬುದು ನನ್ನ ಬೆರಳಿಗೆ ಗೊತ್ತು, ತಕ್ಕಡಿ ಬೇಡ. ಗೆರಸೆಯಲ್ಲಿ ಖಾಲಿಯಾದ ಜಾಗ ನೆನಪು ಮಾಡಿಕೊಂಡೆ. “ಏಳೆಂಟು ಬೀಡಿಗೆ ಆಗುವಷ್ಟು. ಒಂದು ಸಲ ವಾಂತಿ ಮಾಡಿದೆ, ಅದರಲ್ಲಿ ಅರ್ಧ ಹೋಗಿರಬಹುದು.”

“ಎಷ್ಟು ಹೊತ್ತಾಯ್ತು?”

“ಮುಕ್ಕಾಲು ಗಂಟೆ.”

“ಮನೆಯಲ್ಲಿ ಎಂತಾದ್ರೂ ಮದ್ದು ಕೊಟ್ಟಿದ್ದೀರಾ?”

“ಸುಣ್ಣದ ತಿಳಿ. ನಾಲ್ಕು ಚಮಚ.”

ಅವರು ತಲೆ ಎತ್ತಿದರು. “ಅಮ್ಮ, ಎಲೆಅಡಿಕೆಗೆ ಹೊಗೆಸೊಪ್ಪಿನ ಜೊತೆ ಸುಣ್ಣ ಯಾಕೆ ಹಚ್ತೀರಿ?”

“ಬೇಗ ತಲೆಗೆ ಏರ್ಲಿಕ್ಕೆ,” ಎಂದೆ. ಎನ್ನುವಾಗಲೇ ನಾನು ಮಾಡಿದ್ದು ಏನೆಂದು ಗೊತ್ತಾಯಿತು.

“ಸುಣ್ಣದಿಂದ ಇದಕ್ಕೂ ವಿಷ ಬೇಗ ಏರಿರಬಹುದು. ಹೊಟ್ಟೆಯ ಹುಳಿ ತಗ್ಗಿಸುವ ಗ್ಯಾಸಿನ ಮದ್ದೂ ಹಾಗೇ, ಹೊಗೆಸೊಪ್ಪು ತಿಂದದ್ದಕ್ಕೆ ಕೊಡ್ಲಿಕ್ಕಾಗುದಿಲ್ಲ. ನಾನು ಅದನ್ನೇ ಕೊಡ್ಲಿಕ್ಕೆ ಹೊರಟದ್ದು.”

ಆಮೇಲೆ ಅವರಿಬ್ಬರೂ ಕೆಲಸಕ್ಕೆ ಇಳಿದರು. ಮುಂಗಾಲಿನ ಕೂದಲು ಬೋಳಿಸಿ ಸೂಜಿ ಹಾಕಿ ಗ್ಲೂಕೋಸು ಏರಿಸಿದರು. ನಡುಕಕ್ಕೆ ಇಂಜೆಕ್ಷನ್. ಮಂಪರು ಬಂದ ಮೇಲೆ ಬಾಯಿಯಿಂದ ಕೊಳವೆ ಇಳಿಸಿ ಹೊಟ್ಟೆ ತೊಳೆದರು. ಕಂದು ನೀರು ಬಂತು, ಸಿಗಡಿಯ ತಲೆಗಳು ಬಂದವು, ನನ್ನ ಹೊಗೆಸೊಪ್ಪು ಬಂತು. ಆ ವಾಸನೆಯಲ್ಲೇ ನಾನು ಬದುಕುವುದು, ಆದರೆ ಅವತ್ತು ಸೆರಗಿನಿಂದ ಮೂಗು ಮುಚ್ಚಿದೆ. ಅದೇ ಕೊಳವೆಯಿಂದ ಮಸಿಯ ಹಾಗಿನ ಕಪ್ಪು ಮದ್ದು ಒಳಗೆ ಹೋಯಿತು. “ತಿಂದ ಹೊತ್ತಿನಿಂದ ನಾಲ್ಕು ಗಂಟೆ ದಾಟಿದ್ರೆ ಹೆಚ್ಚಾಗಿ ಉಳಿಯುತ್ತದೆ,” ಎಂದರು ಡಾಕ್ಟರು. “ಉಸಿರು ನಿಲ್ಲದ ಹಾಗೆ ನೋಡ್ಬೇಕು.”

ಮಧ್ಯೆ ಒಂದು ಸಲ ಮೈ ಬಿಲ್ಲಿನ ಹಾಗೆ ಸೆಟೆದುಕೊಂಡಿತು. ಕಂಪೌಂಡರು ಹಿಡಿದರು. ಬಿಟ್ಟ ಮೇಲೆ ಹೊಟ್ಟೆ ಏಳಲಿಲ್ಲ. ಒಂದು, ಎರಡು, ಮೂರು. ಡಾಕ್ಟರು ಪಕ್ಕೆಲುಬು ಉಜ್ಜಿ, ಮುಖಕ್ಕೆ ಆಕ್ಸಿಜನ್ ಹಿಡಿದರು. ಆಮೇಲೆ ಎದ್ದಿತು, ಸಣ್ಣಕೆ. ಇಷ್ಟು ಪ್ರಾಯದಲ್ಲಿ ಗಂಡನನ್ನು ಕಳಕೊಂಡಿದ್ದೇನೆ, ಅಣ್ಣನನ್ನು ಕಳಕೊಂಡಿದ್ದೇನೆ. ಹಾಗೆ ನಿಂತು ಒಂದು ನಾಯಿಯ ಹೊಟ್ಟೆ ನೋಡುತ್ತೇನೆಂದು ಯಾರಾದರೂ ಹೇಳಿದ್ದರೆ ನಗುತ್ತಿದ್ದೆ.

ಸಂಸ್ಥೆಯ ಹೆಂಗಸು ಬಂದರು. ಫೋನು ಮಾಡಿಸಿದ್ದು ನಾನೇ. ಎಲ್ಲ ಹೇಳಿದೆ, ಅವರು ಕೂತ ಮಂಚದ ಕೆಳಗೇ ಅದು ತಿನ್ನುತ್ತಿತ್ತು ಎಂಬುದನ್ನೂ. ಅವರ ಮುಖ ಬಿಳಿಚಿತು.

“ಬೀಡಿ ಕಟ್ಟುವವರಿಗೆ ನಾಯಿ ಕೊಡುದಿಲ್ಲ ಅಂತ ನಾನು ಹೇಳಿದ್ದೇನಾ ಅಮ್ಮ?”

“ಇಲ್ಲ.”

“ಉಂಟಾ ಇಲ್ವಾ ಅಂತ ಮಾತ್ರ ಕೇಳಿದ್ದು. ಉಂಟು ಅಂದಿದ್ರೆ ಎಲ್ಲಿ ಇಡ್ಬೇಕು, ಹೇಗೆ ಇಡ್ಬೇಕು ಅಂತ ಕೂತು ಮಾತಾಡ್ತಿದ್ದೆವು. ಈಗ ಎಂತ ಮಾತಾಡುದು?”

ಬಡವರ ಕೆಲಸ ಕಂಡರೆ ಮುಖ ತಿರುಗಿಸುತ್ತಾರೆ ಎಂದು ನಾನಾಗಿಯೇ ತೀರ್ಮಾನಿಸಿದ್ದೆ. ಕೇಳಿ ನೋಡಲಿಲ್ಲ.

ಏಳು ಗಂಟೆಯ ಹೊತ್ತಿಗೆ ರೋಸಿ ತಲೆ ಎತ್ತಿತು. ಮಗಳು ಅಂಗಡಿಯಿಂದ ನೇರ ಅಲ್ಲಿಗೆ ಬಂದಿದ್ದಳು. ನಾಯಿಯನ್ನು ಸಂಸ್ಥೆಯವರೇ ಕರೆದೊಯ್ದರು, ಹದಿನೈದು ದಿನ ನೋಡಿ ಹೇಳುತ್ತೇವೆ ಎಂದರು. ರಿಕ್ಷಾದಲ್ಲಿ ಮಗಳು ಒಂದೇ ಮಾತಾಡಿದಳು: “ಆ ಸುಳ್ಳನ್ನು ಅವಳ ಕೈಯಲ್ಲಿ ಯಾಕೆ ಬರೆಸಿದ್ದು ಅಮ್ಮ?”

ಆ ಹದಿನೈದು ದಿನ ಮೊಮ್ಮಗಳು ರೋಸಿಯ ಹೆಸರೆತ್ತಲಿಲ್ಲ. ನನಗೆ ಹೆಚ್ಚು ಹೆದರಿಕೆಯಾದದ್ದು ಅದಕ್ಕೆ. ಒಂದು ಮಧ್ಯಾಹ್ನ ಊಟದ ನಡುವೆ ಕೇಳಿದಳು, “ಅದಕ್ಕೆ ಹುಚ್ಚು ಇರ್ಲಿಲ್ಲ ಅಲ್ವಾ?”

“ಇರ್ಲಿಲ್ಲ.”

“ನಿಜವಾಗಿ?”

ನಾನು ಹೇಳಿದ್ದನ್ನು ನಿಜವಾ ಎಂದು ಅವಳು ತಿರುಗಿ ಕೇಳಿದ್ದು ಅದೇ ಮೊದಲು. ನಾನು ಕೈ ತೊಳೆದು ರಿಕ್ಷಾ ಕರೆದು ಅವಳನ್ನು ಡಾಕ್ಟರ ಹತ್ತಿರ ಕರೆದೊಯ್ದೆ. ನನ್ನ ಬಾಯಿಂದ ಬೇಡ, ಇವರ ಬಾಯಿಂದ ಕೇಳು ಎಂದೆ. ಡಾಕ್ಟರು ಅವಳನ್ನು ಕೂರಿಸಿ ಹೊಗೆಸೊಪ್ಪಿನ ನಡುಕ ಹೇಗೆ, ಹುಚ್ಚು ಹೇಗೆ ಎಂದು ಚಿತ್ರ ಬರೆದು ವಿವರಿಸಿದರು. ಬರುವಾಗ ಅವಳು ರಿಕ್ಷಾದ ಪರದೆ ಇಳಿಸಲು ಮರೆತಳು.

ಪಕ್ಕದ ಮನೆಯಾಕೆಗೆ ವಿಷಯ ತಿಳಿದು ನನ್ನನ್ನು ಚೆನ್ನಾಗಿ ಝಾಡಿಸಿದಳು. “ನನ್ನ ಮನೆಯಲ್ಲಿ ತಂದಿಡುವಾಗ ಎಂತಕ್ಕೆ ಅಂತ ಒಂದು ಮಾತು ಹೇಳ್ಲಿಕ್ಕೆ ಎಂತ ದಾಡಿ ಅಕ್ಕ ನಿಮಗೆ? ನನ್ನ ಜಗಲಿಯಲ್ಲೇ ಕೂತು ಕಟ್ಟಿ ಅಂತಿದ್ದೆ.”

“ಈಗ ಹೇಳು ಮಾರಾಯ್ತಿ.”

“ನೀವು ಬನ್ನಿ, ನಿಮ್ಮ ಹೊಗೆಸೊಪ್ಪು ಬರ್ಲಿ. ಆ ಜೋಲುಕಿವಿಯ ನಾಯಿ ಮಾತ್ರ ಗೇಟಿನ ಆಚೆ. ನನಗೆ ನಮಾಜು ಉಂಟು, ಅದರ ಜೊಲ್ಲು ತಾಗಿದ್ರೆ ಆಗುದಿಲ್ಲ.”

ಹಾಗೆ ಹೊಗೆಸೊಪ್ಪು, ಎಲೆ, ಗೆರಸೆ, ಕೊನೆಗೆ ನನ್ನ ಸುಣ್ಣದ ಡಬ್ಬಿ ಸಹ ಗೋಡೆಯಾಚೆ ಹೋಯಿತು. ಸಂಸ್ಥೆಯ ಹೆಂಗಸು ಎರಡೂ ಮನೆ ನೋಡಿದರು. ಮಂಚದ ಕೆಳಗೆ ಸ್ವತಃ ಬಗ್ಗಿ ನೋಡಿದರು, ನಾನೇ ಚಾದರ ಎತ್ತಿ ಹಿಡಿದೆ. ರೋಸಿ ವಾಪಸು ಬಂತು. ಈಗ ಕೆಲಸ ಮುಗಿಸಿ ಬಂದರೆ ನಾನು ಮನೆ ಹಿಂದಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಸೀರೆ ಬದಲಿಸಿ, ಕೈ ತೊಳೆದು ಒಳಗೆ ಬರುವುದು. ಆದರೂ ಅದು ಕೈ ನೆಕ್ಕಲು ಬಂದರೆ ಕೈ ಬೆನ್ನ ಹಿಂದೆ ಹೋಗುತ್ತದೆ.

ಇನ್ನೂ ಧೈರ್ಯ ಬಂದಿಲ್ಲ ನನಗೆ. ಮೊಮ್ಮಗಳಿಗೆ ಬಂದಿದೆ. ಸಂಜೆ ನಾಲ್ಕೂವರೆಗೆ ರೋಸಿಯ ಬೆಲ್ಟು ಹಿಡಿದು, ಗೇಟು ತೆಗೆದು, ಒಬ್ಬಳೇ ತಿರುವಿನವರೆಗೆ ಹೋಗುತ್ತಾಳೆ. ಅಲ್ಲಿ ಬೀದಿನಾಯಿಗಳು ಮಲಗಿರುತ್ತವೆ. ಜೊತೆಗೆ ಬರ್ತೇನೆ ಎಂದರೆ ಬೇಡ ಅಜ್ಜಿ ಎನ್ನುತ್ತಾಳೆ. ಪಕ್ಕದ ಮನೆಯ ಜಗಲಿಯಿಂದ ತಿರುವು ಕಾಣುವುದಿಲ್ಲ. ಅವಳು ವಾಪಸು ಬಂದು ಗೇಟು ಎರಡನೆಯ ಸಲ ಕಿರ್ ಎನ್ನುವವರೆಗೆ ನಾನು ಕಟ್ಟಿದ ಬೀಡಿಯೆಲ್ಲ ಸಡಿಲ. ಬ್ರಾಂಚಿನವನು ಒತ್ತಿ ನೋಡಿ ಬದಿಗೆ ಎಸೆಯುತ್ತಾನೆ, “ಎಂತಮ್ಮ, ಇಷ್ಟು ವರ್ಷ ಕಟ್ಟಿ ಈಗ ಕೈ ನಡುಗ್ತದಾ?” ಎಂದು ಕೇಳುತ್ತಾನೆ.

ನಡುಗುತ್ತದೆ. ಎಸೆಯಲಿ.